ಎಥನಾಲ್ ಬೆರೆತ ಪೆಟ್ರೋಲ್ ಮತ್ತು ಹಳೆಯ ವಾಹನಗಳು: ಒಂದು ಸಮೀಕ್ಷೆ

2023ನೆಯ ಇಸವಿಯ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದ ಸಮಾರಂಭದಲ್ಲಿ, ನೂರು ಪಾಲಿಗೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಮಂತ್ರಿಗಳು ಚಾಲನೆ ಕೊಟ್ಟಾಗ, ಅದು ಕೆಲವೇ ರಾಜ್ಯಗಳ ಆಯ್ದ ಬಂಕುಗಳಿಗೆ ಸೀಮಿತವಾಗಿದ್ದಿತು. ಎರಡೂವರೆ ವರ್ಷಗಳು ಕಳೆಯುವಷ್ಟರಲ್ಲಿ ಅದೇ ಮಿಶ್ರಣವು ದೇಶದ ಬಹುತೇಕ ಬಂಕುಗಳಲ್ಲಿ ದೊರೆಯುವ ಸಾಧಾರಣ ಪೆಟ್ರೋಲಾಗಿ ಪರಿಣಮಿಸಿತು. ಹೊಸ ವಾಹನವನ್ನು ಕೊಳ್ಳುವವನಿಗೆ ಈ ಪರಿವರ್ತನೆಯಿಂದ ಹೆಚ್ಚಿನ ಚಿಂತೆಯಿಲ್ಲ. ಆದರೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಹಿಂದೆ, ಎಥನಾಲಿಲ್ಲದ ಅಥವಾ ಅದು ಅಲ್ಪವಾಗಿದ್ದ ಪೆಟ್ರೋಲನ್ನು ಲಕ್ಷ್ಯದಲ್ಲಿಟ್ಟು ನಿರ್ಮಿಸಿದ ವಾಹನವನ್ನು ಇಂದಿಗೂ ನೆಚ್ಚಿಕೊಂಡು ಸಂಸಾರದ ರಥವನ್ನು ನಡೆಸುತ್ತಿರುವ ಸಾಮಾನ್ಯ ಗೃಹಸ್ಥನು, ತನ್ನ ಎಂಜಿನ್ನಿನ ಆಯುಷ್ಯಕ್ಕೆ ಇದರಿಂದ ಕುಂದುಂಟೇ, ಮೈಲೇಜು ಎಷ್ಟು ಇಳಿಯುವುದು, ಆ ನಷ್ಟವನ್ನು ತುಂಬಿಕೊಡುವವರು ಯಾರು ಎಂದು ಕೇಳುತ್ತಿರುವನು. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಬರುತ್ತಿರುವ ಉತ್ತರಗಳಾದರೋ ಎರಡು ಧ್ರುವಗಳಲ್ಲಿ ನಿಂತಿವೆ: ಎಂಜಿನ್ನುಗಳೆಲ್ಲ ಸರ್ವನಾಶವಾಗುವುವೆಂದು ಒಂದು ಪಕ್ಷ, ಯಾವ ಬಾಧಕವೂ ಇಲ್ಲವೆಂದು ಇನ್ನೊಂದು ಪಕ್ಷ. ಈ ಎರಡನ್ನೂ ಬದಿಗಿರಿಸಿ, ರಸಾಯನಶಾಸ್ತ್ರವೂ ಯಂತ್ರಶಾಸ್ತ್ರವೂ ಅನ್ಯದೇಶಗಳ ಅನುಭವವೂ ಹೇಳುವುದನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮದ್ಯಸಾರವನ್ನು, ಎಂದರೆ ಎಥನಾಲನ್ನು, ಮೋಟಾರಿಗೆ ಉಣಿಸುವ ಆಲೋಚನೆ ಇಂದು ನಿನ್ನೆಯದಲ್ಲ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿಯು ಎಂಜಿನ್ನಿನ ಬಡಿತವನ್ನು ತಡೆಯಲು ಸೀಸದ ಸಂಯುಕ್ತವೊಂದನ್ನು ಕಂಡುಹಿಡಿದ ಕಾಲದಲ್ಲಿಯೇ, ಮದ್ಯಸಾರಕ್ಕೂ ಅದೇ ಗುಣವಿರುವುದು ವಿಜ್ಞಾನಿಗಳಿಗೆ ತಿಳಿದಿದ್ದಿತು; ಆದರೆ ವಾಣಿಜ್ಯಲೋಕವು ಸೀಸವನ್ನು ಆರಿಸಿಕೊಂಡಿತು. ಆ ವಿಷಲೋಹವನ್ನು ನಮ್ಮ ದೇಶದ ಪೆಟ್ರೋಲಿನಿಂದ ಸಂಪೂರ್ಣವಾಗಿ ಹೊರಗಟ್ಟಲು 2000ದ ಫೆಬ್ರವರಿಯವರೆಗೆ ಕಾಯಬೇಕಾಯಿತು. ಭಾರತದಲ್ಲಿ ಸ್ವಾತಂತ್ರ್ಯ ಬಂದ ಮರುವರ್ಷವೇ, ಎಂದರೆ 1948ರಲ್ಲಿ, ಇಂಧನ ಮದ್ಯಸಾರಕ್ಕೆ ಸಂಬಂಧಿಸಿದ ಪ್ರತ್ಯೇಕ ಕಾಯಿದೆಯೊಂದು ಜಾರಿಗೆ ಬಂದಿತ್ತೆಂಬುದನ್ನು ಈಗ ಸ್ಮರಿಸುವವರು ವಿರಳ. ಈಗಿನ ಕಾರ್ಯಕ್ರಮವು 2003ರ ಜನವರಿಯಲ್ಲಿ, ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿಯೂ ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿಯೂ ಶೇಕಡ 5ರ ಮಿಶ್ರಣದೊಡನೆ ಮೊದಲಾಯಿತು. ಹತ್ತು ವರ್ಷಗಳ ತರುವಾಯವೂ ವಾಸ್ತವಿಕ ಮಿಶ್ರಣವು ಶೇಕಡ ಒಂದೂವರೆಯ ಸುತ್ತಲೇ ತೆವಳುತ್ತಿದ್ದಿತು. ಆ ಬಳಿಕ ಗತಿ ತೀವ್ರವಾಗಿ, 2022ರ ಜೂನ್‌ನಲ್ಲಿ ಶೇಕಡ 10ನ್ನೂ 2025ರಲ್ಲಿ ಶೇಕಡ 20ನ್ನೂ ಮುಟ್ಟಿತು. ಈ ಕೊನೆಯ ಗುರಿಗೆ ಮೊದಲು ಗೊತ್ತುಪಡಿಸಿದ್ದ ವರ್ಷ 2030. ವಾಹನಗಳ ಪೀಳಿಗೆಯೊಂದು ಬದಲಾಗಲು ಬೇಕಾದ ಅವಧಿಗಿಂತ ಶೀಘ್ರವಾಗಿ ಇಂಧನವು ಬದಲಾದುದೇ ಇಂದಿನ ಸಮಸ್ಯೆಯ ಮೂಲವೆಂದು ಹೇಳಬಹುದು.

ಮೈಲೇಜಿನ ವಿಚಾರವನ್ನು ಮೊದಲು ಎತ್ತಿಕೊಳ್ಳೋಣ; ಏಕೆಂದರೆ ಇಲ್ಲಿ ಪ್ರಕೃತಿನಿಯಮವು ಸ್ಪಷ್ಟವಾಗಿದೆ, ವಾದಕ್ಕೆ ಅವಕಾಶ ಸ್ವಲ್ಪ. ಪೆಟ್ರೋಲೆಂಬುದು ಇಂಗಾಲ ಮತ್ತು ಜಲಜನಕಗಳ ಕೂಟ. ಎಥನಾಲಿನ ಅಣುವಿನಲ್ಲಾದರೋ ಈ ಎರಡರ ಜೊತೆಗೆ ಆಮ್ಲಜನಕವೂ ಸೇರಿದ್ದು, ತೂಕದಲ್ಲಿ ಅದರ ಪಾಲು ಸುಮಾರು ಶೇಕಡ 35ರಷ್ಟಿದೆ. ಆಮ್ಲಜನಕದೊಡನೆ ಮೊದಲೇ ಕೂಡಿಕೊಂಡಿರುವ ವಸ್ತುವು ಅಷ್ಟರಮಟ್ಟಿಗೆ ಉರಿದು ಮುಗಿದಂತೆಯೇ ಸರಿ. ಅರ್ಧ ಸುಟ್ಟ ಕೊಳ್ಳಿಯಲ್ಲಿ ಇಡೀ ಸೌದೆಯ ಶಾಖವನ್ನು ನಿರೀಕ್ಷಿಸಲಾಗದು. ಆದಕಾರಣ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಾಖವಿದ್ದರೆ ಒಂದು ಲೀಟರ್ ಎಥನಾಲಿನಲ್ಲಿ ಇರುವುದು ಸುಮಾರು 21 ಮೆಗಾಜೌಲ್, ಎಂದರೆ ಮೂರರಲ್ಲಿ ಎರಡು ಪಾಲು ಮಾತ್ರ. ಈ ಲೆಕ್ಕದಂತೆ ಶೇಕಡ 10ರ ಮಿಶ್ರಣದಲ್ಲಿ ಲೀಟರೊಂದರ ಶಕ್ತಿಯು ಶೇಕಡ ಮೂರಕ್ಕಿಂತ ತುಸು ಹೆಚ್ಚಾಗಿಯೂ, ಶೇಕಡ 20ರ ಮಿಶ್ರಣದಲ್ಲಿ ಶೇಕಡ ಏಳರ ಸಮೀಪಕ್ಕೂ ಕುಗ್ಗುವುದು.

ಸಿದ್ಧಾಂತವು ಹೇಳುವ ಈ ಅಂಕಿಗಳಿಗೂ ಪ್ರಯೋಗಗಳು ತೋರುವ ಅಂಕಿಗಳಿಗೂ ಹೆಚ್ಚು ಅಂತರವಿಲ್ಲ. ನೀತಿ ಆಯೋಗ ಮತ್ತು ಪೆಟ್ರೋಲಿಯಂ ಸಚಿವಾಲಯಗಳ ಪರವಾಗಿ ತಜ್ಞಸಮಿತಿಯೊಂದು 2021ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಶುದ್ಧ ಪೆಟ್ರೋಲಿಗೆಂದು ರಚಿಸಿ ಶೇಕಡ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇಕಡ 20ರ ಮಿಶ್ರಣದಿಂದ ಇಂಧನದಕ್ಷತೆ ಶೇಕಡ 6ರಿಂದ 7ರಷ್ಟೂ, ಅಂತಹ ದ್ವಿಚಕ್ರವಾಹನಗಳಲ್ಲಿ ಶೇಕಡ 3ರಿಂದ 4ರಷ್ಟೂ ಇಳಿಯುವುದು. ಶೇಕಡ 10ಕ್ಕೆ ರಚಿಸಿ 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಇಳಿಕೆಯು ಶೇಕಡ 1ರಿಂದ 2 ಮಾತ್ರ. ಅಮೆರಿಕದ ಸರ್ಕಾರವೂ ತನ್ನ ಜನರಿಗೆ, ಶೇಕಡ 10ರ ಮಿಶ್ರಣದಲ್ಲಿ ಗ್ಯಾಲನ್ನಿಗೆ ಶೇಕಡ 3ರಿಂದ 4ರಷ್ಟು ಮೈಲಿ ಕಡಿಮೆಯಾಗುವುದೆಂದು ಬಹಿರಂಗವಾಗಿಯೇ ತಿಳಿಸುತ್ತದೆ.

ಈ ಶೇಕಡಾವಾರನ್ನು ಮನೆಯ ಲೆಕ್ಕದ ಪುಸ್ತಕಕ್ಕೆ ಇಳಿಸಿ ನೋಡಬೇಕು. ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದ ಕಾರು ಇನ್ನು ಮುಂದೆ 14 ಕಿಲೋಮೀಟರ್ ಓಡುವುದೆಂದಿಟ್ಟುಕೊಂಡರೆ, ವರ್ಷಕ್ಕೆ 10,000 ಕಿಲೋಮೀಟರ್ ಸಂಚರಿಸುವವನಿಗೆ ಸುಮಾರು 48 ಲೀಟರ್ ಹೆಚ್ಚು ಬೇಕಾಗುವುದು. ಲೀಟರಿಗೆ ನೂರು ರೂಪಾಯಿಯೆಂದು ಎಣಿಸಿದರೆ ನಾಲ್ಕು ಸಾವಿರದ ಎಂಟುನೂರು ರೂಪಾಯಿ. ಶ್ರೀಮಂತನಿಗೆ ಇದು ಗಣನೆಗೆ ಬಾರದ ಮೊತ್ತ. ಹಳೆಯ ಕಾರಿನಲ್ಲಿಯೇ ಸಂತೆಗೆ ಸರಕು ಸಾಗಿಸುವವನಿಗೆ, ಬಾಡಿಗೆಗೆ ಓಡಿಸಿ ಜೀವಿಸುವವನಿಗೆ ಇದು ಅಲಕ್ಷ್ಯ ಮಾಡಲಾಗದ ಹೊರೆ. ಆದರೂ ಇಲ್ಲಿ ಒಂದು ವಿವೇಚನೆ ಅವಶ್ಯ. 2022ರಿಂದಲೇ ನಮ್ಮ ಪೆಟ್ರೋಲಿನಲ್ಲಿ ಶೇಕಡ 10ರಷ್ಟು ಎಥನಾಲ್ ಇದ್ದುದರಿಂದ, ಅಲ್ಲಿಂದ 20ಕ್ಕೆ ಏರಿದಾಗ ಹೊಸದಾಗಿ ಕಳೆದುಕೊಂಡ ಶಕ್ತಿ ಶೇಕಡ ಮೂರೂವರೆಯಷ್ಟು ಮಾತ್ರ. ಹೀಗಿರಲು, ಮೈಲೇಜು ಒಮ್ಮೆಗೇ ಕಾಲುಭಾಗ ಬಿದ್ದುಹೋಯಿತೆಂದು ದೂರುವವರ ವಾಹನದಲ್ಲಿ ಶಕ್ತಿನ್ಯೂನತೆಯೊಂದೇ ಕಾರಣವಾಗಿರಲಾರದು. ಮುಚ್ಚಿಹೋದ ಫಿಲ್ಟರು, ತಪ್ಪಿದ ಟ್ಯೂನಿಂಗು, ಸವೆದ ಸ್ಪಾರ್ಕ್ ಪ್ಲಗ್ಗು, ಸೋರುವ ಪೈಪು ಇವುಗಳಲ್ಲೊಂದು ಜೊತೆಗೂಡಿರಬೇಕು. ಇಂಥವುಗಳಲ್ಲಿ ಕೆಲವನ್ನು ಎಥನಾಲೇ ಉಂಟುಮಾಡಬಲ್ಲುದೆಂಬುದನ್ನು ಮುಂದೆ ನೋಡುವೆವು.

ಎಥನಾಲಿನ ಪರವಾಗಿ ವಾದಿಸುವವರು ಅದರ ಅಧಿಕ ಆಕ್ಟೇನ್ ಗುಣವನ್ನು, ಎಂದರೆ ಎಂಜಿನ್ನಿನ ಬಡಿತವನ್ನು ತಡೆಯುವ ಶಕ್ತಿಯನ್ನು, ಎತ್ತಿಹೇಳುವರು. ಮಾತು ಸತ್ಯ. ಶುದ್ಧ ಎಥನಾಲಿನ ಆಕ್ಟೇನ್ ಸಂಖ್ಯೆ 108ರ ಆಸುಪಾಸಿನಲ್ಲಿದ್ದು, ನಮ್ಮ ಸಾಧಾರಣ ಪೆಟ್ರೋಲಿನ 91 ಎಂಬ ಸಂಖ್ಯೆಯು ಶೇಕಡ 20ರ ಮಿಶ್ರಣದಲ್ಲಿ 95ಕ್ಕೆ ಏರುವುದು. ಅಲ್ಲದೆ ಆವಿಯಾಗುವಾಗ ಎಥನಾಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಗಿಲಾದ ಶಾಖವನ್ನು ಹೀರಿ, ಒಳಬರುವ ಗಾಳಿಯನ್ನು ತಂಪುಗೊಳಿಸುವುದು. ಹೆಚ್ಚು ಸಂಪೀಡನದ ಆಧುನಿಕ ಎಂಜಿನ್ನು ಈ ಎರಡು ಗುಣಗಳನ್ನೂ ಬಳಸಿಕೊಂಡು, ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಹಾರಿಸಿ, ಕಳೆದ ಶಕ್ತಿಯಲ್ಲಿ ಒಂದಂಶವನ್ನು ಮರಳಿ ಗಳಿಸಬಲ್ಲುದು. ತಜ್ಞಸಮಿತಿಯ ವರದಿಯಲ್ಲಿ ಹೊಸ ಕಾರಿನ ನಷ್ಟವು ಶೇಕಡ 1ರಿಂದ 2ಕ್ಕೆ ಇಳಿದಿರುವುದರ ರಹಸ್ಯವಿದೇ. ಆದರೆ ಪ್ರೀಮಿಯರ್ ಪದ್ಮಿನಿ, ಅಂಬಾಸಡರ್ ಮುಂತಾದ ಕಾರುಗಳ ಎಂಜಿನ್ನುಗಳು ಅಲ್ಪ ಸಂಪೀಡನದವು. ಕೀಳು ಆಕ್ಟೇನಿನ ಪೆಟ್ರೋಲಿಗೇ ಒಗ್ಗಿಕೊಂಡವು. ಕಿಡಿಯ ಕಾಲವನ್ನು ತಾವೇ ತಿದ್ದಿಕೊಳ್ಳುವ ಗಣಕ ಅವುಗಳಲ್ಲಿಲ್ಲ. ತನಗೆ ಬೇಡವಾದ ಆಕ್ಟೇನನ್ನು ಹೆಚ್ಚಾಗಿ ಕೊಟ್ಟು, ತನಗೆ ಬೇಕಾದ ಶಾಖವನ್ನು ಕಡಿಮೆಯಾಗಿ ಕೊಡುವ ಇಂಧನದಿಂದ ಹಳೆಯ ಎಂಜಿನ್ನಿಗೆ ಲಾಭವಿಲ್ಲ.

ಹಳೆಯ ವಾಹನವೆಂಬ ಒಂದೇ ಮಾತಿನಲ್ಲಿ ಎರಡು ಭಿನ್ನ ವರ್ಗಗಳು ಅಡಗಿವೆಯೆಂಬುದನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ಕಾರ್ಬುರೇಟರಿನ ವರ್ಗ: ಕಾರುಗಳಲ್ಲಿ ಸ್ಥೂಲವಾಗಿ 2000ದವರೆಗಿನವು, ದ್ವಿಚಕ್ರವಾಹನಗಳಲ್ಲಿ 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಎಂಬ ಹೊಗೆಮಿತಿಯ ನಿಯಮ ಬರುವವರೆಗಿನ ಹೆಚ್ಚಿನವು. ಎರಡನೆಯದು ಇಂಧನವನ್ನು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಯಿದ್ದೂ, ಶೇಕಡ 20ರ ಮಿಶ್ರಣಕ್ಕೆ ತಾಳುವ ಭಾಗಗಳು ಕಡ್ಡಾಯವಾದ 2023ರ ಏಪ್ರಿಲ್‌ಗಿಂತ ಮೊದಲು ತಯಾರಾದವು. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕು. ಎಥನಾಲಿಗೆ 9 ಸಾಕು. ಶೇಕಡ 20ರ ಮಿಶ್ರಣಕ್ಕೆ ಸುಮಾರು ಹದಿಮೂರೂವರೆ. ಎರಡನೆಯ ವರ್ಗದ ಕಾರುಗಳಲ್ಲಿ ಹೊಗೆನಳಿಗೆಯಲ್ಲಿರುವ ಆಮ್ಲಜನಕದ ಸಂವೇದಕವು ಈ ವ್ಯತ್ಯಾಸವನ್ನು ಗ್ರಹಿಸಿ, ಗಣಕದ ಮೂಲಕ ಇಂಧನವನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಚಾಲಕನಿಗೆ ತಿಳಿಯುವುದು ಮೈಲೇಜಿನ ಇಳಿತ ಮಾತ್ರ. ಕಾರ್ಬುರೇಟರಿಗೆ ಈ ವಿವೇಕವಿಲ್ಲ. ಅದರ ಜೆಟ್ಟಿನ ರಂಧ್ರವು ಎಷ್ಟು ದೊಡ್ಡದೋ ಅಷ್ಟೇ ಇಂಧನವನ್ನು ಬಿಡುವುದು. ಪರಿಣಾಮವಾಗಿ ಮಿಶ್ರಣದಲ್ಲಿ ಗಾಳಿಯ ಪಾಲು ಮಿಕ್ಕುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ಚೋಕ್ ಎಳೆಯಬೇಕಾಗುತ್ತದೆ. ಆಕ್ಸಿಲರೇಟರು ಒತ್ತಿದೊಡನೆ ಎಂಜಿನ್ನು ಒಂದು ಕ್ಷಣ ಮುಗ್ಗರಿಸುತ್ತದೆ. ಏರುದಾರಿಯಲ್ಲಿ ಪಿಕಪ್ ಸಾಲದು. ಪೆಟ್ರೋಲನ್ನು ಧಾರಾಳವಾಗಿ ಬಿಡುವಂತೆ ಹೊಂದಿಸಿದ್ದ ಕಾರ್ಬುರೇಟರಿಗೆ ಈ ಬದಲಾವಣೆ ಹಿತವೇ ಆದೀತು, ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡೂ ತಗ್ಗೀತು. ಮೊದಲೇ ಬಿಗಿಯಾಗಿ ಹೊಂದಿಸಿದ್ದರೆ ಎಂಜಿನ್ನು ಅತಿಯಾಗಿ ಕಾಯುವ ಸಂಭವವಿದೆ. ನುರಿತ ಮೆಕ್ಯಾನಿಕ್ಕನು ಜೆಟ್ಟನ್ನು ಒಂದು ಅಳತೆ ದೊಡ್ಡದಕ್ಕೆ ಬದಲಿಸಿ, ಟ್ಯೂನಿಂಗನ್ನು ಹೊಸದಾಗಿ ಮಾಡಿದರೆ ಈ ದೋಷ ಬಹುಮಟ್ಟಿಗೆ ಪರಿಹಾರವಾಗುವುದು.

ಮೈಲೇಜಿಗಿಂತಲೂ ಗಂಭೀರವಾದ ವಿಚಾರವು ವಸ್ತುಗಳ ಬಾಳಿಕೆಯದು. ಎಥನಾಲು ಪ್ರಬಲವಾದ ದ್ರಾವಕ. ಹಳೆಯ ಕಾಲದ ಇಂಧನಮಾರ್ಗಗಳಲ್ಲಿ ಬಳಸಿದ ನೈಸರ್ಗಿಕ ರಬ್ಬರು, ಕಾರ್ಕ್, ಕೆಲವು ಬಗೆಯ ಕೃತಕ ರಬ್ಬರು ಮತ್ತು ಪ್ಲಾಸ್ಟಿಕ್ಕುಗಳು ಇದರ ಸಂಪರ್ಕದಲ್ಲಿ ಊದಿಕೊಂಡು, ಮೆತ್ತಗಾಗಿ, ಒಣಗಿದಾಗ ಬಿರಿಯುತ್ತವೆ. ಪೈಪು, ಓ-ರಿಂಗು, ಗ್ಯಾಸ್ಕೆಟ್ಟು, ಪೆಟ್ರೋಲ್ ಪಂಪಿನ ಪೊರೆ, ಕಾರ್ಬುರೇಟರಿನ ಸೂಜಿಕವಾಟದ ತುದಿ ಇವು ಮೊದಲು ಸೋಲುವ ಭಾಗಗಳು. ಬಿಸಿ ಎಂಜಿನ್ನಿನ ಬಳಿ ಪೆಟ್ರೋಲ್ ಸೋರುವುದು ಖರ್ಚಿನ ಮಾತಷ್ಟೇ ಅಲ್ಲ, ಪ್ರಾಣಾಪಾಯದ ಮಾತು. ಲೋಹಗಳಲ್ಲಿ ಸತು, ಹಿತ್ತಾಳೆ, ಅಲ್ಯುಮಿನಿಯಂ ಮತ್ತು ಸೀಸ-ತವರದ ಲೇಪವುಳ್ಳ ಉಕ್ಕಿನ ಟ್ಯಾಂಕುಗಳು ತುಕ್ಕಿಗೆ ಸುಲಭವಾಗಿ ಈಡಾಗುತ್ತವೆ. ಎಥನಾಲು ಸೇರಿದ ಪೆಟ್ರೋಲು ವಿದ್ಯುತ್ತನ್ನು ಹರಿಯಗೊಡುವ ಶಕ್ತಿಯನ್ನು ಪಡೆಯುವುದರಿಂದ, ಬೇರೆ ಬೇರೆ ಲೋಹಗಳು ಕೂಡುವೆಡೆಯಲ್ಲಿ ಈ ಕ್ಷಯವು ಇನ್ನಷ್ಟು ಬೇಗ ನಡೆಯುತ್ತದೆ. ಮತ್ತೊಂದು ವಿಷಯ: ಹಳೆಯ ಟ್ಯಾಂಕಿನ ಗೋಡೆಗಳಿಗೆ ದಶಕಗಳಿಂದ ಅಂಟಿಕೊಂಡಿದ್ದ ಜಿಡ್ಡನ್ನೂ ತುಕ್ಕನ್ನೂ ಎಥನಾಲು ತೊಳೆದು ತರುವುದರಿಂದ, ಪ್ರಾರಂಭದ ದಿನಗಳಲ್ಲಿ ಫಿಲ್ಟರೂ ಜೆಟ್ಟೂ ಮುಚ್ಚಿಕೊಳ್ಳುವುದು ಸಾಮಾನ್ಯ. ಮೇಲೆ ಹೇಳಿದ ಅಸಾಧಾರಣ ಮೈಲೇಜುಕುಸಿತಕ್ಕೆ ಇದೂ ಒಂದು ಕಾರಣ.

ಈ ವಿಷಯದಲ್ಲಿ ಸರ್ಕಾರದ ನಿಲುವೇನೆಂಬುದನ್ನು ನ್ಯಾಯವಾಗಿ ನಮೂದಿಸಬೇಕು. 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವು ಹೊರಡಿಸಿದ ಹೇಳಿಕೆಯು, ಪರೀಕ್ಷೆಗಳಲ್ಲಿ ಎಂಜಿನ್ನಿನ ಒಳಭಾಗಗಳಿಗೆ ಅಸಹಜವಾದ ಸವೆತ ಕಂಡುಬಂದಿಲ್ಲವೆಂದೂ, ಕೆಲವು ಹಳೆಯ ವಾಹನಗಳಲ್ಲಿ ಇಪ್ಪತ್ತು, ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದೆಂದೂ, ಅದು ಅಲ್ಪವ್ಯಯದ ಕೆಲಸವೆಂದೂ ತಿಳಿಸಿತು. ಪಿಸ್ಟನ್ನು, ಸಿಲಿಂಡರುಗಳು ಕರಗಿಹೋಗುವುವೆಂಬ ಭೀತಿಗೆ ಆಧಾರವಿಲ್ಲವೆಂಬುದನ್ನು ನಾವು ಒಪ್ಪಬಹುದು. ಆದರೆ ಬಿಡಿಭಾಗಗಳೇ ದೊರೆಯದ ಮಾದರಿಗಳ ಮಾಲೀಕನಿಗೆ ಅಲ್ಪವ್ಯಯವೆಂಬ ಸಮಾಧಾನ ಸಲ್ಲದು. ಮತ್ತು ಎಷ್ಟೇ ಅಲ್ಪವಾದರೂ ಆ ವ್ಯಯವು ಅವನು ತಾನಾಗಿ ಬಯಸಿ ತಂದುಕೊಂಡುದಲ್ಲ.

ಮೂರನೆಯ ತೊಡಕು ನೀರಿನದು. ಪೆಟ್ರೋಲು ನೀರಿನೊಡನೆ ಬೆರೆಯದು. ಎಥನಾಲು ನೀರನ್ನು ಬಯಸಿ ಸೆಳೆಯುವುದು. ಹತ್ತು ಪಾಲಿನ ಮಿಶ್ರಣವು ಸಾಧಾರಣ ಉಷ್ಣತೆಯಲ್ಲಿ ಸುಮಾರು ಶೇಕಡ ಅರ್ಧದಷ್ಟು ನೀರನ್ನು ತನ್ನಲ್ಲಿ ಅಡಗಿಸಿಕೊಳ್ಳಬಲ್ಲುದು. ಆ ಮಿತಿ ಮೀರಿತೆಂದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನು ಮೊದಲು ಹೀರುವುದು ತಳದಲ್ಲಿರುವುದನ್ನೇ. ಇಪ್ಪತ್ತು ಪಾಲಿನ ಮಿಶ್ರಣಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನೂ ಹೆಚ್ಚಾಗಿರುವುದರಿಂದ ಬೇರ್ಪಡುವ ಸಂಭವ ಕಡಿಮೆಯೆಂಬುದು ನಿಜವಾದರೂ, ಬೇರ್ಪಟ್ಟಾಗ ತಳಕ್ಕಿಳಿಯುವ ರಾಶಿ ದೊಡ್ಡದು. ದಿನನಿತ್ಯ ಓಡುವ ವಾಹನಕ್ಕೆ ಇದರ ಭಯ ಅಷ್ಟಿಲ್ಲ. ಕರಾವಳಿಯ ಅಥವಾ ಮಲೆನಾಡಿನ ದೀರ್ಘವರ್ಷಾಕಾಲದಲ್ಲಿ, ಅರ್ಧ ತುಂಬಿದ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತಿರುವ ಕಾರಿಗೆ, ಮೈಸೂರಿನಲ್ಲಿ ತಯಾರಾಗಿ ಇಂದಿಗೂ ಅಭಿಮಾನಿಗಳ ಮನೆಗಳಲ್ಲಿ ಕಾಪಾಡಲ್ಪಟ್ಟಿರುವ ಜಾವಾ, ಯೆಜ್ದಿ ಬೈಕುಗಳಿಗೆ ಇದು ನಿಜವಾದ ಶತ್ರು. ಬಯಲುಸೀಮೆಯ ಬೇಸಗೆಯಲ್ಲಿ ಬೇರೊಂದು ತೊಂದರೆ: ಎಥನಾಲು 78 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುವುದಲ್ಲದೆ ಪೆಟ್ರೋಲಿನ ಹಗುರ ಅಂಶಗಳನ್ನೂ ತನ್ನೊಡನೆ ಬೇಗ ಆವಿಯಾಗಿಸುವುದರಿಂದ, ಎಂಜಿನ್ನಿನ ಪಕ್ಕದಲ್ಲಿಯೇ ಪಂಪನ್ನು ಹೊತ್ತ ಹಳೆಯ ಕಾರುಗಳಲ್ಲಿ ಆವಿ ಕಟ್ಟಿಕೊಂಡು, ಗಾಡಿ ನಡುದಾರಿಯಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ.

ಅನ್ಯದೇಶಗಳು ಈ ಸಮಸ್ಯೆಯನ್ನು ಹೇಗೆ ಎದುರಿಸಿದುವು? ಬ್ರೆಜಿಲ್ ದೇಶವು 1975ರಲ್ಲಿ ತನ್ನ ಮದ್ಯಸಾರ ಯೋಜನೆಯನ್ನು ಆರಂಭಿಸಿ, 1979ರಲ್ಲಿ ಕೇವಲ ಎಥನಾಲಿನಿಂದ ಓಡುವ ಫಿಯಟ್ ಕಾರನ್ನೂ, 2003ರಲ್ಲಿ ಯಾವ ಪ್ರಮಾಣದ ಮಿಶ್ರಣವನ್ನಾದರೂ ಒಪ್ಪುವ ವಾಹನಗಳನ್ನೂ ರಸ್ತೆಗಿಳಿಸಿತು. 2015ರಲ್ಲಿ ಶೇಕಡ 27ಕ್ಕೂ 2025ರ ಆಗಸ್ಟಿನಲ್ಲಿ ಶೇಕಡ 30ಕ್ಕೂ ಮಿಶ್ರಣವನ್ನು ಏರಿಸಿತು. ಎಥನಾಲಿನಿಂದ ಕಾರು ಕೆಡದೆಂಬುದಕ್ಕೆ ಬ್ರೆಜಿಲನ್ನು ನಿದರ್ಶನವಾಗಿ ಕೊಡುವವರು, ಅಲ್ಲಿ ಇಂಧನವೂ ವಾಹನವೂ ಐವತ್ತು ವರ್ಷಗಳ ಕಾಲ ಜೊತೆಜೊತೆಯಾಗಿ ಬೆಳೆದುವೆಂಬುದನ್ನು ಮರೆಯಬಾರದು. ಅಮೆರಿಕವು ಶೇಕಡ 15ರ ಮಿಶ್ರಣಕ್ಕೆ 2010 ಮತ್ತು 2011ರಲ್ಲಿ ಅನುಮತಿ ಕೊಟ್ಟಾಗ, 2001ರ ಮಾದರಿಗಿಂತ ಹಳೆಯ ಕಾರುಗಳಿಗೂ ಮೋಟಾರ್ ಸೈಕಲ್ಲುಗಳಿಗೂ ಅದನ್ನು ತುಂಬಕೂಡದೆಂದು ವಿಧಿಸಿ, ಪಂಪುಗಳ ಮೇಲೆ ಎಚ್ಚರಿಕೆಯ ಚೀಟಿಯನ್ನು ಕಡ್ಡಾಯಗೊಳಿಸಿತು. ಬ್ರಿಟನ್ನು 2021ರ ಸೆಪ್ಟೆಂಬರಿನಲ್ಲಿ ಶೇಕಡ 10ರ ಮಿಶ್ರಣವನ್ನು ಸಾಧಾರಣ ಪೆಟ್ರೋಲಾಗಿ ಮಾಡಿದಾಗಲೂ, ಹಳೆಯ ವಾಹನಗಳಿಗಾಗಿ ಶೇಕಡ 5ನ್ನು ಮೀರದ ಉತ್ತಮ ದರ್ಜೆಯ ಪೆಟ್ರೋಲನ್ನು ಉಳಿಸಿಕೊಂಡಿತು. ದೇಶಗಳ ಮಾರ್ಗಗಳು ಭಿನ್ನವಾಗಿದ್ದರೂ ತತ್ತ್ವ ಒಂದೇ: ವಾಹನ ಸಿದ್ಧವಾಗಲು ಕಾಲಾವಕಾಶವನ್ನಾದರೂ ಕೊಡಬೇಕು, ಇಲ್ಲವೆ ಸಿದ್ಧವಾಗದ ವಾಹನಕ್ಕೆ ಬೇರೊಂದು ಇಂಧನವನ್ನಾದರೂ ಉಳಿಸಬೇಕು.

ನಮ್ಮಲ್ಲಿ ಹಳೆಯ ವಾಹನಗಳಿಗೆ ಎಥನಾಲಿಲ್ಲದ ಪೆಟ್ರೋಲನ್ನೂ ಒದಗಿಸಬೇಕೆಂದು ಕೋರಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ನ್ಯಾಯಾಲಯದಲ್ಲಿ ವಿಷಯ ಅಲ್ಲಿಗೆ ಮುಗಿದರೂ, ನೀತಿಯ ವಿವೇಚನೆ ಮುಗಿದಿಲ್ಲ. ಎಥನಾಲಿನಿಂದ ಸಮಾಜಕ್ಕಾಗುವ ಉಪಕಾರವನ್ನು ಅಲ್ಲಗಳೆಯುವುದು ಈ ಲೇಖಕನ ಅಭಿಪ್ರಾಯವಲ್ಲ. ಬೇಕಾದ ಕಚ್ಚಾತೈಲದಲ್ಲಿ ಶೇಕಡ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶಕ್ಕೆ ಸ್ವದೇಶದ ಇಂಧನವೊಂದು ಭದ್ರತೆಯೇ ಸರಿ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಬೆಳೆಗಾರರಿಗೂ ಮೆಕ್ಕೆಜೋಳ ಬೆಳೆಯುವವರಿಗೂ ಇದರಿಂದ ಮಾರುಕಟ್ಟೆ ವಿಸ್ತರಿಸಿದೆ. ಹೊಗೆಯ ವಿಷಯದಲ್ಲಿಯೂ, ಶೇಕಡ 20ರ ಮಿಶ್ರಣದಿಂದ ಇಂಗಾಲದ ಮಾನಾಕ್ಸೈಡು ದ್ವಿಚಕ್ರಗಳಲ್ಲಿ ಶೇಕಡ 50ರಷ್ಟೂ ಕಾರುಗಳಲ್ಲಿ ಶೇಕಡ 30ರಷ್ಟೂ ತಗ್ಗಿತೆಂದು ತಜ್ಞಸಮಿತಿ ಹೇಳಿದೆ. ಈ ಲಾಭಗಳು ಸಮಸ್ತ ರಾಷ್ಟ್ರಕ್ಕೆ ಸೇರಿದುವು. ನಷ್ಟವಾದರೋ ಹಳೆಯ ವಾಹನದ ಮಾಲೀಕನೊಬ್ಬನ ಹೆಗಲಿಗೆ ಹೆಚ್ಚಾಗಿ ಬೀಳುತ್ತಿದೆ. ಅದೇ ತಜ್ಞಸಮಿತಿಯು, ಮೈಲೇಜಿನ ಇಳಿಕೆಗೆ ಪ್ರತಿಯಾಗಿ ಮಿಶ್ರಿತ ಪೆಟ್ರೋಲಿಗೆ ತೆರಿಗೆಯ ರಿಯಾಯಿತಿ ಕೊಡುವುದನ್ನು ಪರಿಶೀಲಿಸಬೇಕೆಂದು ಸೂಚಿಸಿದ್ದಿತು. ಎಥನಾಲಿನ ಖರೀದಿಬೆಲೆಯು ಏರಿ, ಮೆಕ್ಕೆಜೋಳದ ಎಥನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆಯಾಗಿರುವುದರಿಂದ ಅಗ್ಗವಾಗಿ ಕೊಡುವುದು ಸಾಧ್ಯವಿಲ್ಲವೆಂಬ ಸಮಾಧಾನದಲ್ಲಿ ಹುರುಳಿದ್ದರೂ, ತೆರಿಗೆಯನ್ನು ತಗ್ಗಿಸುವ ಬಾಗಿಲು ಇನ್ನೂ ತೆರೆದೇ ಇದೆ.

ಅಲ್ಲಿಯವರೆಗೆ ಹಳೆಯ ವಾಹನವುಳ್ಳವರು ಅನುಸರಿಸಬಹುದಾದ ಕ್ರಮಗಳು ಕಠಿಣವಾದುವಲ್ಲ. ಪೆಟ್ರೋಲ್ ಪೈಪುಗಳನ್ನೂ ಓ-ರಿಂಗುಗಳನ್ನೂ ಎಥನಾಲಿಗೆ ತಾಳುವ ಫ್ಲೋರೋ-ರಬ್ಬರಿನವಕ್ಕೆ ಬದಲಿಸಿಕೊಳ್ಳಬೇಕು. ಟ್ಯಾಂಕನ್ನು ಒಮ್ಮೆ ಬಿಚ್ಚಿಸಿ ತೊಳೆಸಿ, ಆಮೇಲೆ ಕೆಲವು ತಿಂಗಳು ಫಿಲ್ಟರನ್ನು ಬೇಗ ಬೇಗ ಬದಲಾಯಿಸಬೇಕು. ಕಾರ್ಬುರೇಟರನ್ನು ಈಗಿನ ಇಂಧನಕ್ಕೆ ತಕ್ಕಂತೆ ಟ್ಯೂನ್ ಮಾಡಿಸಬೇಕು. ವಾಹನವನ್ನು ಬಹುಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಬರಿದುಮಾಡಿ ನಿಲ್ಲಿಸಬೇಕು; ಬೈಕಾದರೆ ಪೆಟ್ರೋಲ್ ಕಾಕನ್ನು ಮುಚ್ಚಿ, ಕಾರ್ಬುರೇಟರಿನಲ್ಲಿರುವುದೆಲ್ಲ ಉರಿದು ಎಂಜಿನ್ನು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪೆಟ್ರೋಲಿನ ವಾಸನೆ ಮೂಗಿಗೆ ಬಿದ್ದರೆ ಅಂದೇ ಗ್ಯಾರೇಜಿಗೆ ಒಯ್ಯಬೇಕು.

ಒಟ್ಟಿನಲ್ಲಿ ಈ ಸಮೀಕ್ಷೆಯಿಂದ ಸಿದ್ಧವಾಗುವ ತೀರ್ಮಾನವಿದು. ಎಥನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ಎಂಜಿನ್ನು ಸರ್ವನಾಶವಾಗುವುದಿಲ್ಲ. ಆದರೆ ಮೈಲೇಜು ನಿಶ್ಚಯವಾಗಿ ಇಳಿಯುವುದು, ರಬ್ಬರಿನ ಭಾಗಗಳು ಬೇಗ ಹಾಳಾಗುವುವು, ನಿಂತ ವಾಹನಕ್ಕೆ ತುಕ್ಕಿನ ಅಪಾಯ ಹೆಚ್ಚುವುದು. ನಷ್ಟವು ಮಿತವಾದುದು, ಆದರೆ ನೈಜವಾದುದು. ಮತ್ತು ಅದನ್ನು ಹೊರುವವರು ಹೊಸ ವಾಹನ ಕೊಳ್ಳಲಾರದ ಸಾಮಾನ್ಯ ಜನರು. ಆದುದರಿಂದ ಪ್ರತಿಯೊಂದು ಬಂಕಿನ ಪಂಪಿನ ಮೇಲೆಯೂ ಎಥನಾಲಿನ ಪ್ರಮಾಣವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು. ಹಳೆಯ ವಾಹನಗಳು ಕಾಲಕ್ರಮದಲ್ಲಿ ಮರೆಯಾಗುವವರೆಗೆ ಕಡಿಮೆ ಎಥನಾಲಿನ ಪೆಟ್ರೋಲೊಂದು ತಾಲ್ಲೂಕಿಗೆ ಒಂದೆರಡು ಬಂಕುಗಳಲ್ಲಾದರೂ ಸಾಧಾರಣ ಬೆಲೆಗೆ ದೊರೆಯುವಂತೆ ಮಾಡಬೇಕು. ಲೀಟರಿನಲ್ಲಿ ಕುಗ್ಗಿದ ಶಕ್ತಿಗೆ ತಕ್ಕಷ್ಟು ತೆರಿಗೆಯನ್ನು ತಗ್ಗಿಸಬೇಕು. ದೇಶದ ಹಿತಕ್ಕಾಗಿ ಕೈಗೊಂಡ ಕಾರ್ಯದ ಭಾರವನ್ನು ದೇಶವೇ ಹೊರುವುದು ಧರ್ಮ.